ಮಾಲ್ಗುಡಿಯನ್ನು ಮನೆಮನೆಗೆ ತಂದ ಶಂಕರ ನಾಗ್

ರಾಜ್ಯೋತ್ಸವದ ತಿಂಗಳಲ್ಲಿಯೇ ಹುಟ್ಟಿ, ಮೂವತ್ತಾರು ವರ್ಷಗಳನ್ನೂ ತುಂಬದೆ ಕಣ್ಮರೆಯಾದ ಶಂಕರ ನಾಗ್ ಅವರನ್ನು ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅವರ ಕಲಾಜೀವನ ಚಿಗುರೊಡೆದದ್ದು ನಮಗೆ ಅನ್ನವಿತ್ತ ಈ ಮುಂಬಯಿಯಲ್ಲಿಯೇ.

1954ರ ನವೆಂಬರ್ 9ರಂದು ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ ಶಂಕರರ ಜನನ. ಅಣ್ಣ ಅನಂತ ನಾಗ್ ಅವರಂತೆ ಇವರೂ ಮುಂಬಯಿ ಸೇರಿ, ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಬಾಳಸಂಗಾತಿ ಅರುಂಧತಿಯವರ ಪರಿಚಯವಾದುದೂ ಇಲ್ಲಿಯ ರಂಗಭೂಮಿಯಿಂದಲೇ. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರ ಅವರನ್ನು ಕನ್ನಡಕ್ಕೆ ಕರೆತಂದಿತು. 1980ರ ‘ಮಿಂಚಿನ ಓಟ’ದಿಂದ ಅವರು ನಿರ್ದೇಶಕರೂ ಆದರು. ಅದೇ ವರ್ಷದ ‘ಆಟೋ ರಾಜ’ ಅವರನ್ನು ರಿಕ್ಷಾ ಚಾಲಕರ ಆರಾಧ್ಯಮೂರ್ತಿಯನ್ನಾಗಿಸಿತು.

ಆದರೆ ಹೊರನಾಡಿನ ನಮಗೆ ಅವರ ಹಿರಿಯ ಕೊಡುಗೆ ‘ಮಾಲ್ಗುಡಿ ಡೇಸ್’. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣರ ಕಥೆಗಳನ್ನು ಟಿ. ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ, 1986ರಲ್ಲಿ ಶಂಕರರು ದೂರದರ್ಶನಕ್ಕೆ ಅಳವಡಿಸಿದರು. ನಾಟಕಕ್ಕೆ ಬಂದವನು ಟಿಕೆಟ್ಟಿಗೆ ಹಣ ತೆತ್ತವನು. ಅಂಕದ ಪರದೆ ತಡವಾಗಿ ಎದ್ದರೂ ಕಾಯುತ್ತಾನೆ. ದೂರದರ್ಶನದ ಪ್ರೇಕ್ಷಕನ ಪರಿ ಬೇರೆ. ಒಲೆಯ ಮೇಲೆ ಹಾಲಿದೆ, ತೊಟ್ಟಿಲಲ್ಲಿ ಮಗುವಿದೆ, ಬಾಗಿಲಲ್ಲಿ ನೆರೆಯವರಿದ್ದಾರೆ. ಮೊದಲ ನಿಮಿಷದಲ್ಲಿಯೇ ಅವನನ್ನು ಹಿಡಿಯದಿದ್ದರೆ ಕಥೆ ಕೆಟ್ಟಿತು.

ಶಂಕರರು ಹಿಡಿದ ಬಗೆಯನ್ನು ನೋಡಿ. ಎಲ್. ವೈದ್ಯನಾಥನ್ ಅವರ ಸಂಗೀತದಲ್ಲಿ ಶಬ್ದಾರ್ಥದ ಗೊಡವೆಯಿಲ್ಲದ ಒಂದು ಆಲಾಪ. ಅದರೊಡನೆ ಮುಂಬಯಿಯ ಪತ್ರಿಕೆಯಲ್ಲಿ ಹೆಸರಾದ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು. ಭಾಷೆ ಬಾರದ ಮಗುವೂ ಓಡಿ ಬರುವಂಥ ಕರೆ ಅದು. ಕಥೆಗಳ ಆರಂಭದಲ್ಲಿಯೂ ಕೊಲೆಯಿಲ್ಲ, ಕೋಲಾಹಲವಿಲ್ಲ. ಒಂದು ಸಣ್ಣ ಆಸೆ ಅಥವಾ ಒಂದು ಸಣ್ಣ ಅಂಜಿಕೆ ಇದೆ, ಅಷ್ಟೆ. ಸ್ವಾಮಿಯ ಕಥೆಯನ್ನು ನಾರಾಯಣರು ಸೋಮವಾರದ ಬೆಳಗಿನಿಂದ ತೊಡಗಿದ್ದರು. ಶಾಲೆಗೆ ಹೋಗಬೇಕಾದ ಹುಡುಗನ ಸಂಕಟವನ್ನು ಅರಿಯದವರು ಯಾರು? ತಿಂಗಳಿಗೆ ನಲವತ್ತೈದು ರೂಪಾಯಿಯ ಗುಮಾಸ್ತನ ಕಥೆಯಲ್ಲಿ, ಸಂಜೆ ಸಿನಿಮಾಕ್ಕೆ ಕರೆದೊಯ್ಯುವೆನೆಂದು ತಂದೆ ಮಗಳಿಗೆ ಮಾತು ಕೊಟ್ಟಿದ್ದಾನೆ. ಕಚೇರಿ ಅವನನ್ನು ಬಿಡುವುದೇ ಎಂಬ ಕುತೂಹಲ ನಮ್ಮನ್ನು ಕಡೆಯವರೆಗೂ ಕೂರಿಸುತ್ತದೆ. ವಿಷ್ಣುವರ್ಧನ್ ನಟಿಸಿದ ಆ ಪಾತ್ರದಲ್ಲಿ, ರಾತ್ರಿಯ ಲೋಕಲ್ ಹಿಡಿದು ಭಾಂಡುಪಿಗೆ ಮರಳಿ ಮಲಗಿದ ಮಕ್ಕಳ ಮುಖ ನೋಡುವ ನಾವೆಲ್ಲರೂ ಇದ್ದೇವೆ.

ಧಾರಾವಾಹಿಯ ಭಾಷೆ ಹಿಂದಿ ಹಾಗೂ ಇಂಗ್ಲಿಷ್. ಮಣ್ಣು ಮಾತ್ರ ನಮ್ಮದು. ಚಿತ್ರೀಕರಣದ ಬಹುಭಾಗ ನಡೆದದ್ದು ಆಗುಂಬೆಯಲ್ಲಿ. ಮಾಲ್ಗುಡಿಯ ನಿಲ್ದಾಣವಾಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ಇಂದು ಮಾಲ್ಗುಡಿ ವಸ್ತುಸಂಗ್ರಹಾಲಯವನ್ನು ಹೊಂದಿದೆ. ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ತನ್ನ ಮನೆಯ ಹುಡುಗನೆಂದು ಬಗೆಯದ ಪ್ರಾಂತವೇ ಇರಲಿಲ್ಲ. ಮಲೆನಾಡಿನ ಹಂಚಿನ ಮನೆ, ಜಗಲಿ, ಮಳೆ ಇವು ಕನ್ನಡವರಿಯದವರ ಮನೆಯೊಳಗೂ ಬಂದು ಕುಳಿತವು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ, ಚಿತ್ರೀಕರಣಕ್ಕೆಂದು ಹೊರಟಿದ್ದ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಬಾಳು ಕಿರಿದು, ಕೆಲಸ ಹಿರಿದು.

ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲವೆಂದು ನಾವು ಮರುಗುತ್ತೇವೆ. ಆದರೆ ನಮ್ಮ ಸಭೆಗಳ ಮೊದಲ ಒಂದು ತಾಸು ಸ್ವಾಗತ, ಹಾರ, ಭಾಷಣಗಳಲ್ಲಿಯೇ ಕಳೆಯುತ್ತದೆ. ನಾಟಕ ತೊಡಗುವ ವೇಳೆಗೆ ಮಕ್ಕಳು ತೂಕಡಿಸುತ್ತಿರುತ್ತಾರೆ. ಮೊದಲು ಮಕ್ಕಳ ಕೈಗೆ ಒಂದು ಕಥೆ ಕೊಡೋಣ, ಹಾರಗಳು ಆಮೇಲೆ ಬರಲಿ. ಶಂಕರ ನಾಗ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.