ಬಿ. ಪಿ. ವಾಡಿಯಾರವರ ಚರಿತ್ರೆ

ಕೆಮ್ಮಣ್ಣುಗುಂಡಿಯ ಅದಿರು 1923ರಲ್ಲಿ ಭದ್ರಾವತಿಯ ಕುಲುಮೆಯಲ್ಲಿ ಕರಗಲಾರಂಭಿಸಿದಂದಿನಿಂದ ಕಡೂರು ತರೀಕೆರೆ ಸೀಮೆಯವರಿಗೆ ಕಾರ್ಖಾನೆಯೆಂಬುದು ದೂರದ ಮಾತಾಗಿ ಉಳಿಯಲಿಲ್ಲ. ಎಮ್ಮೆದೊಡ್ಡಿಯಂಥ ಊರಲ್ಲಿ ಹೊಲದ ಆಳು ಹೊತ್ತು ನೋಡಿ ಬುತ್ತಿ ಬಿಚ್ಚುತ್ತಾನೆ. ಗಿರಣಿಯ ಆಳಿಗಾದರೋ ಆ ಸ್ವಾತಂತ್ರ್ಯವಿಲ್ಲ. ಬುತ್ತಿಯ ಈ ಅಲ್ಪ ವಿಷಯದಿಂದಲೇ ದೊಡ್ಡ ಕಾರ್ಯವನ್ನು ಆರಂಭಿಸಿದವರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಬಹಮನ್ ಪೆಸ್ತೋನ್‌ಜಿ ವಾಡಿಯಾರವರು 1881ನೆಯ ಇಸವಿ ಅಕ್ಟೋಬರ್ 8ರಂದು ಪಾರ್ಸಿ ಕುಲದಲ್ಲಿ ಹುಟ್ಟಿದರು. ಪ್ರಾಯಸ್ಥರಾದ ಮೇಲೆ ಮದರಾಸಿನ ಅಡ್ಯಾರಿಗೆ ಬಂದು ಥಿಯಾಸಫಿ ಸಂಘದಲ್ಲಿ ಕೆಲಸಮಾಡಿದರು. 1917ರಲ್ಲಿ ಆನಿ ಬೆಸೆಂಟರ ಸಂಗಡ ಉದಕಮಂಡಲದಲ್ಲಿ ಸರಕಾರದ ನಿರ್ಬಂಧದಲ್ಲಿದ್ದರು. ಅವರ ಮತವಿಚಾರವು ನಮ್ಮದಲ್ಲ. ಅದನ್ನು ಬಿಟ್ಟು ಮುಂದೆ ಹೋಗುತ್ತೇವೆ.

ಬೆಂಗಳೂರಲ್ಲಿಯೂ ಗಿರಣಿಯನ್ನು ನಡಿಸುತ್ತಿದ್ದ ಬಿನ್ನಿ ಕಂಪೆನಿಗೆ ಮದರಾಸಿನ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್, ಕರ್ನಾಟಿಕ್ ಎಂಬ ಎರಡು ದೊಡ್ಡ ಗಿರಣಿಗಳಿದ್ದವು. ಅಲ್ಲಿ ಮಧ್ಯಾಹ್ನದ ಬಿಡುವು ಅರ್ಧ ತಾಸು ಮಾತ್ರ. ಸಾವಿರಾರು ಮಂದಿ ಅಷ್ಟರೊಳಗೆ ಹೊರಗೆ ಬಂದು ಉಂಡು ಓಡುತ್ತಾ ಹಿಂತಿರುಗಬೇಕಾಗಿತ್ತು. ಈ ಕಷ್ಟವನ್ನು ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಎಂಬ ವರ್ತಕರಿಬ್ಬರು ವಾಡಿಯಾರವರಿಗೆ ತಿಳಿಸಲು, 1918ನೆಯ ಏಪ್ರಿಲ್ 27ರಂದು ಮದರಾಸು ಕಾರ್ಮಿಕ ಸಂಘವು ಸ್ಥಾಪಿತವಾಯಿತು. ವಾಡಿಯಾರವರೇ ಅದರ ಅಧ್ಯಕ್ಷರು. ಬಿಡುವು ನಾಲ್ವತ್ತು ನಿಮಿಷವಾಯಿತು. ಹತ್ತು ನಿಮಿಷವೇ ಎಂದು ನಗುವವರು ಒಂದು ದಿನ ಬಿಸಿಲಲ್ಲಿ ಓಡಿ ಉಂಡು ನೋಡಲಿ!

1919ರಲ್ಲಿ ವಾಷಿಂಗ್ಟನ್ ಪಟ್ಟಣದಲ್ಲಿ ನಡೆದ ಮೊದಲನೆಯ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಇವರು ಎನ್. ಎಂ. ಜೋಶಿಯವರ ಸಲಹೆಗಾರರಾಗಿ ಹೋದರು. ಇಂಡಿಯಾದ ಕಾರ್ಖಾನೆಗಳಿಗೆ ವಾರಕ್ಕೆ 60 ತಾಸುಗಳ ಮಿತಿಯು ಅಲ್ಲಿ ಗೊತ್ತಾಗಿ, 1922ರಲ್ಲಿ ಕಾಯಿದೆಯಾಯಿತು.

ಆದರೆ 1920ರಲ್ಲಿ ಗಿರಣಿಯವರು ಬಾಗಿಲು ಮುಚ್ಚಿದರು. ಡಿಸೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿ ಪ್ರಾಣನಷ್ಟವೂ ಆಯಿತು. ಸಂಘದ ಮುಖಂಡರು ಆಳುಗಳಿಂದ ಕರಾರನ್ನು ಮುರಿಸಿದರೆಂದು ಕಂಪೆನಿಯು ಹೈಕೋರ್ಟಿನಲ್ಲಿ ವ್ಯಾಜ್ಯ ಹೂಡಿ ತಡೆಯಾಜ್ಞೆ ಪಡೆಯಿತು. ಅಂಥ ಮುಖಂಡರನ್ನು ಕಾಪಾಡುವ ಕಾನೂನು ಆಗ ಯಾವದೂ ಇರಲಿಲ್ಲ. ವಾಡಿಯಾರವರು ಸಂಘವನ್ನು ಬಿಟ್ಟರೆ ವ್ಯಾಜ್ಯವನ್ನು ಹಿಂದೆಗೆಯುವದಾಗಿ ಒಪ್ಪಂದವಾಗಲು, ಅವರು 1921ರಲ್ಲಿ ಬಿಟ್ಟುಹೋದರು. ಇದನ್ನು ಸೋಲೆನ್ನುವವರುಂಟು. ಬಾಗಿಲು ಮುಚ್ಚಿದ್ದರಿಂದ ಕೂಲಿಯಿಲ್ಲದೆ ಇದ್ದ ಮನೆಗಳನ್ನು ನೆನಸಿದರೆ ನಮಗೆ ಹಾಗೆ ತೋಚುವದಿಲ್ಲ. ಹೇಗೂ ಆ ವ್ಯಾಜ್ಯವೇ ದೇಶದ ಕಣ್ಣು ತೆರೆಯಿಸಿತು. ಜೋಶಿಯವರು ಅದೇ ವರುಷ ಶಾಸನಸಭೆಯಲ್ಲಿ ಈ ವಿಷಯವನ್ನೆತ್ತಿದರು. 1926ರ ಕಾರ್ಮಿಕ ಸಂಘಗಳ ಕಾಯಿದೆಯಿಂದ ರಿಜಿಸ್ಟರಾದ ಸಂಘಗಳ ಮೇಲೆ ಇಂಥ ದಾವೆ ನಿಲ್ಲದಂತಾಯಿತು.

ವಾಡಿಯಾರವರು 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ವಿಶ್ವಸಂಸ್ಕೃತಿಯ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ, 1958ನೆಯ ಆಗಸ್ಟ್ 20ರಂದು ತೀರಿಕೊಂಡರು. ಆ ಸಂಸ್ಥೆಯಿರುವ ಬೀದಿಗೆ ಅವರ ಹೆಸರೇ ಇದೆ.