ಜಿಗಣೆಯ ಬಾಯಲ್ಲಿ ಕಂಡ ಗುಟ್ಟು
ಶಿಕಾರಿಪುರ, ಸೊರಬದ ಕೆರೆಗದ್ದೆಗಳಿಗೆ ಇಳಿದವರು ಬಲ್ಲರು: ಜಿಗಣೆ ಕಳಚಿಬಿದ್ದ ಮೇಲೂ ನೆತ್ತರು ಬೇಗ ನಿಲ್ಲದು. ಅಲ್ಲಿ ಅಧಿಕಾರಿಯಾಗಿದ್ದಾಗ ನಾನೂ ಗಾಯ ಒರೆಸಿಕೊಂಡು ಸುಮ್ಮನಾದವನೇ. ಶತಮಾನಗಳಿಂದ ರೋಗಿಗಳಿಗೆ ಜಿಗಣೆ ಹಚ್ಚುತ್ತಿದ್ದ ಯುರೋಪಿನ ವೈದ್ಯರೂ ಬಹುಕಾಲ ಹಾಗೆಯೇ ಇದ್ದರೆನ್ನಿ. ಕಾರಣ ಹುಡುಕಿದವರು ಜಾನ್ ಬೆರ್ರಿ ಹೇಕ್ರಾಫ್ಟ್. 1857ರಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತ ಅವರು ಬರ್ಮಿಂಗ್‌ಹ್ಯಾಮಿನ ಮೇಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಜಿಗಣೆಯ ಬಾಯಿಯಿಂದ ತೆಗೆದ ಸಾರವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆಂದು 1884ರಲ್ಲಿ ತೋರಿಸಿಕೊಟ್ಟರು. 1893ರಿಂದ ಕಾರ್ಡಿಫ್‌ನಲ್ಲಿ ಬೋಧಿಸಿದರು. ಆ ವಸ್ತುವಿಗೆ ಹಿರುಡಿನ್ ಎಂಬ ಹೆಸರು ಬಂದದ್ದು 1904ರಲ್ಲಿ. ಹೇಕ್ರಾಫ್ಟ್ 1922ರಲ್ಲಿ ತೀರಿಕೊಂಡರು. 1924ರಲ್ಲಿ ಜರ್ಮನಿಯ ವೈದ್ಯ ಜಾರ್ಜ್ ಹಾಸ್ ಮನುಷ್ಯನಿಗೆ ಮೊತ್ತಮೊದಲ ಡಯಾಲಿಸಿಸ್ ನಡೆಸಿದಾಗ, ಕೊಳವೆಗಳಲ್ಲಿ ರಕ್ತ ಗಟ್ಟಿಯಾಗದಂತೆ ನೋಡಿಕೊಂಡದ್ದು ಜಿಗಣೆಯ ಹಿರುಡಿನ್. ಅದನ್ನು ನೋಡಲು ಹೇಕ್ರಾಫ್ಟ್ ಉಳಿದಿರಲಿಲ್ಲ.