ಕುಲುಮೆಯ ಮುಂದಿನ ಹಕೀಮರು: ಅಬೂಬಕರ್ ಅಲ್‌ರಾಝಿ



ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ನಮ್ಮ ಶಿರಾ ಗೇಟ್‌ನ ಹಿರಿಯರನ್ನು ಕೇಳಿ. ಕಾದ ಪಾತ್ರೆಯ ಮೇಲೆ ನವಸಾಗರದ ಪುಡಿ ಬಿದ್ದೊಡನೆ ಬಿಳಿ ಹೊಗೆ ಏಳುತ್ತದೆ. ಆ ನವಸಾಗರ, ಗ್ರಂಥಿಗೆ ಅಂಗಡಿಯ ಗಂಧಕ, ತೋಟಕ್ಕೆ ಸುಣ್ಣದೊಂದಿಗೆ ಸಿಂಪಡಿಸುವ ಮೈಲುತುತ್ತ, ಇಂಥ ವಸ್ತುಗಳನ್ನೆಲ್ಲ ಸಾವಿರದ ನೂರು ವರ್ಷಗಳ ಹಿಂದೆಯೇ ಕಾಯಿಸಿ ನೋಡಿ, ಕ್ರಮವಾಗಿ ಬರೆದಿಟ್ಟವರು ಅಬೂಬಕರ್ ಮುಹಮ್ಮದ್ ಬಿನ್ ಝಕರಿಯಾ ಅಲ್‌ರಾಝಿ.

ಅವರು ಹುಟ್ಟಿದ್ದು ಇರಾನಿನ ರಯ್ ಪಟ್ಟಣದಲ್ಲಿ, ಕ್ರಿ.ಶ. 865ರಲ್ಲಿ. ಅವರ ಮೊದಲ ಒಲವು ಕೀಮಿಯಾ ಎಂದರೆ ರಸವಿದ್ಯೆ. ಲೋಹಗಳೆಲ್ಲ ಪಾದರಸ ಮತ್ತು ಗಂಧಕದಿಂದಲೇ ಆದವು, ಆದ್ದರಿಂದ ಕೀಳು ಲೋಹವನ್ನು ಚಿನ್ನ ಮಾಡಬಹುದು ಎಂಬುದು ಆ ಕಾಲದ ನಂಬಿಕೆ. ಅಲ್‌ರಾಝಿಯವರೂ ಅದೇ ಆಸೆಯಿಂದ ಕುಲುಮೆ ಹೊತ್ತಿಸಿದರು. ಚಿನ್ನವಂತೂ ಆಗಲಿಲ್ಲ. ಬೆಂಕಿಯಿಂದ ಒಂದು ಮೂಲವಸ್ತು ಇನ್ನೊಂದಾಗದು ಎಂಬುದನ್ನು ಇಂದು ನೀವು ತರಗತಿಯಲ್ಲೇ ಓದುತ್ತೀರಿ.

ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೇ? ಇಲ್ಲ. ಗುಟ್ಟಿನ ಸಂಕೇತಗಳಲ್ಲಿ ಬರೆಯುವ ಪದ್ಧತಿಯನ್ನು ಬಿಟ್ಟು, ಯಾವ ವಸ್ತು, ಯಾವ ಪಾತ್ರೆ, ಯಾವ ಕ್ರಮ ಎಂದು ಅವರು ಸರಳವಾಗಿ ಬರೆದರು. ‘ಕಿತಾಬುಲ್ ಅಸ್ರಾರ್’ ಗ್ರಂಥದಲ್ಲಿ ಖನಿಜಗಳನ್ನು ಆರು ಗುಂಪು ಮಾಡಿದರು. ಕಾಯಿಸಿದರೆ ಆವಿಯಾಗುವ ಗಂಧಕ, ಪಾದರಸ, ನವಸಾಗರ, ಅರದಾಳಗಳು ಒಂದು ಗುಂಪು, ಲೋಹಗಳು ಇನ್ನೊಂದು, ಅನ್ನಭೇದಿ, ಮೈಲುತುತ್ತದಂಥ ಲೋಹದ ಲವಣಗಳು ಮತ್ತೊಂದು. ಕಲ್ಲುಗಳು, ಬಿಳಿಗಾರದ ಜಾತಿಯವು, ಉಪ್ಪುಗಳು ಉಳಿದ ಮೂರು. ಕುಲುಮೆ, ಮೂಸೆ, ಬಟ್ಟಿ ಇಳಿಸುವ ಪಾತ್ರೆಗಳನ್ನೂ ಪಟ್ಟಿ ಮಾಡಿದರು. ಗಂಧಕಾಮ್ಲವನ್ನು ಅವರೇ ಕಂಡುಹಿಡಿದರೆಂದು ಕೆಲವೆಡೆ ಬರೆದಿರುತ್ತಾರೆ. ಅದಕ್ಕೆ ಖಚಿತ ಆಧಾರವಿಲ್ಲ. ಅವರ ಹಿರಿಮೆಗೆ ಅದರ ಅಗತ್ಯವೂ ಇಲ್ಲ.

ಆದರೆ ಈ ಕೆಲಸಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಬೆಂಕಿಯ ಝಳ ಮತ್ತು ಘಾಟು ಹೊಗೆಯಿಂದ ಅವರ ಕಣ್ಣು ಕೆಟ್ಟಿತು, ಅದರ ಚಿಕಿತ್ಸೆಯೇ ಅವರನ್ನು ವೈದ್ಯಶಾಸ್ತ್ರದತ್ತ ಒಯ್ದಿತು ಎಂದು ಅಲ್‌ಬಿರೂನಿ ತಿಳಿಸುತ್ತಾರೆ. ಮುಂದೆ ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳಿಗೆ ಅವರು ಮುಖ್ಯಸ್ಥರಾದರು. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಲಕ್ಷಣಗಳ ಸಮೇತ ವಿವರಿಸಿದರು. ಅವರ ಟಿಪ್ಪಣಿಗಳಿಂದ ಮರಣಾನಂತರ ಸಿದ್ಧವಾದ ‘ಅಲ್‌ಹಾವಿ’ 1279ರಲ್ಲಿ ಲ್ಯಾಟಿನ್ ಭಾಷೆಗೆ ಅನುವಾದವಾಯಿತು. ಅಲ್‌ಬಿರೂನಿಯವರ ಪಟ್ಟಿಯಲ್ಲಿ ಅವರ ಕೃತಿಗಳು 184. ಕೊನೆಯ ದಿನಗಳಲ್ಲಿ ದೃಷ್ಟಿಯನ್ನೇ ಕಳೆದುಕೊಂಡು, 925ರಲ್ಲಿ ಹುಟ್ಟೂರಿನಲ್ಲಿಯೇ ನಿಧನರಾದರು.

ವಿದ್ಯಾರ್ಥಿಗಳೇ, ಗಂಧಕ ಉರಿದರೆ ಸಲ್ಫರ್ ಡೈಆಕ್ಸೈಡ್ ಅನಿಲ ಬರುತ್ತದೆ. ಅನ್ನಭೇದಿಯನ್ನು ಬಲವಾಗಿ ಕಾಯಿಸಿದರೆ ಕೆಂಪು ಪುಡಿ ಉಳಿದು, ಗಂಧಕದ ಘಾಟು ಆವಿ ಹೊರಡುತ್ತದೆ. ಎರಡೂ ಕಣ್ಣಿಗೆ, ಶ್ವಾಸಕೋಶಕ್ಕೆ ಅಪಾಯಕಾರಿ. ಕುತೂಹಲದಿಂದ ಮನೆಯ ಒಲೆಯ ಮೇಲೆ ಇದನ್ನು ಮಾಡಬೇಡಿ. ಶಾಲೆಯ ಪ್ರಯೋಗಾಲಯದಲ್ಲಿ, ಕನ್ನಡಕ ಧರಿಸಿ, ಶಿಕ್ಷಕರ ಎದುರಿನಲ್ಲಿ ಮಾಡಿ. ಕಂಡದ್ದನ್ನು ಕಂಡ ಹಾಗೆಯೇ ಬರೆಯಿರಿ. ಎಣಿಸಿದ ಫಲ ಬಾರದಿದ್ದರೆ ಅದನ್ನೂ ಬರೆಯಿರಿ. ಅಲ್‌ರಾಝಿಯವರಿಗೆ ಚಿನ್ನ ಸಿಗಲಿಲ್ಲ, ಆದರೆ ಅವರು ಬರೆದಿಟ್ಟದ್ದು ನಮಗೆ ಸಿಕ್ಕಿತು.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ವಿದ್ಯೆಯನ್ನು ಕರುಣಿಸಲಿ. ಆಮೀನ್.